ರೋಜಾ ಹಿಡದ ಕೋಳಿ

ನಮ್ಮ ಫುಫು, ಅಂದ್ರ ನಮ್ಮಪ್ಪನ ಅಕ್ಕ, ಮುಂದ ನನಗ ಅತ್ತಿ ಆದ್ಲು. ಹುಟ್ಟಿದ್ದು ಇಬ್ಬರೂ ಐರಣಿಯೊಳಗ, ಒಂದ ಮನಿಯೊಳಗ. ಅಕಿ ನನಗಿಂತ ಭಾಳ ಮೊದಲ ಅಲ್ಲಿಂದ ಹೊರಬಿದ್ದು ಬ್ಯಾಡಗಿಯಿಂದ ಕಾಗಿನೆಲಿಗೆ ಹೋಗೂ ರಸ್ತೆದ ಹಳ್ಳಿಗೆ ಬಂದಿದ್ಲು, ನಾನು ಅಕಿ ಮಗನ್ನ ಮಾಡಿಕೊಂಡು ಅಲ್ಲಿಗೇ ಬಂದೆ. ಅದಕ್ಕ ನಮ್ಮಿಬ್ಬರ ಜಗಳಕ್ಕ ಅತ್ತಿ ಸೊಸಿ ಜಗಳ ಅಂತ ಯಾರೂ ಅನ್ನತಿದ್ದಿಲ್ಲ. ಅದು ತವರಮನಿ ಜಗಳ. ಮನಿಯೊಳಗ ನಾವು ಉರ್ದು ಆಡತಿದ್ವಿ, ಜಗಳ ಮಾತ್ರ ಕನ್ನಡದಾಗ. ಓಣಿ ಮಂದಿಗೂ ನ್ಯಾಯ ತಿಳೀಬೇಕಲ್ಲ.

ನಾನು ಬಾಯಿ ಜೋರಿನ ಹೆಂಗಸು. ಬ್ಯಾರೆಯವರು ಹೇಳೂಕ್ಕಿಂತ ನಾನ ಹೇಳಿಬಿಡೂದು ಚೊಲೊ. ಫುಫು ಹಂಗಲ್ಲ. ಅಕಿ ಎಲ್ಲಾದಕ್ಕೂ ಹೂಂ ಅಂತಿದ್ಲು, ಆಮ್ಯಾಲ ತನಗ ತಿಳದದ್ದ ಮಾಡತಿದ್ಲು. ಬಾಯಿ ಮಾಡಾಕಿಗಿಂತ ಹೂಂ ಅನ್ನಾಕಿ ಹೆಚ್ಚು ತ್ರಾಸಿನಾಕಿ ಅನ್ನೂದು ನನಗ ನಮ್ಮ ಕೋಳಿ ಶೆಡ್ಡಿನಾಗ ಗೊತ್ತಾತು.

ಫುಫುಗ ಒಂದ ಹುಚ್ಚು ಇತ್ತು, ನೀರು ಕೊಡೂದು. ಐರಣಿಯ ಹೊಳಿ ದಂಡಿಮ್ಯಾಲ ಬೆಳದಾಕಿ, ನೀರು ಅಳೆದು ಕೊಡೂದು ಅಕಿಗೆ ಗೊತ್ತ ಇದ್ದಿದ್ದಿಲ್ಲ. ಈ ಊರಾಗ ನೀರು ಅಂದ್ರ ಬಾವಿಗೆ ಹೋಗಿ ಸೇದಬೇಕು, ತಲಿಮ್ಯಾಲ ಹೊತ್ತು ತರಬೇಕು. ಆದ್ರೂ ಬಾಗಲಕ್ಕ ಬಂದವರು ಯಾರ ಇರಲಿ, ಬಳಿ ಮಾರಾಂವ, ಅಂಚೆಯಂವ, ಬೀದಿ ನಾಯಿ, ಮೊದಲ ನೀರು, ಆಮ್ಯಾಲ ಮಾತು. ನಮ್ಮ ಮಾವ ಬದುಕಿದ್ದಾಗ ಸುತ್ತಲಿನ ಹಳ್ಳಿಗೆಲ್ಲಾ ಕೋಳಿ ಹಲಾಲ್ ಮಾಡಿ ಕೊಡತಿದ್ರಂತ. ನಮ್ಮವರು ಇರಲಿ, ಹಿಂದೂಗಳು ಇರಲಿ, ಮನಿಯೊಳಗ ಬಾಡೂಟ ಇದ್ರ ಕೋಳಿ ಹಿಡಕೊಂಡು ನಮ್ಮ ಅಂಗಳಕ್ಕ ಬರತಿದ್ರು. ಕೊಯ್ಯೂಕ್ಕಿಂತ ಮೊದಲ ಆ ಜೀವಕ್ಕ ನೀರು ಕುಡಿಸಬೇಕು, ಅದು ನಮ್ಮೊಳಗಿನ ಪದ್ಧತಿ. ಮಾವ ಅವಸರದ ಮನಷ್ಯಾ, ಎರಡು ಹನಿ ಹಾಕಿ ಬಿಸ್ಮಿಲ್ಲಾ ಅಂದುಬಿಡತಿದ್ರು. ಫುಫುಗ ಅದು ಸೇರತಿದ್ದಿಲ್ಲ. ತಾಮ್ರದ ತಂಬಿಗಿ ತುಂಬಿಕೊಂಡು ಬಂದು, ಕೋಳಿನ್ನ ತೊಡಿಮ್ಯಾಲ ಕುಂದರಿಸಿಕೊಂಡು, ಅದು ಸಾಕಾಗಿ ಮಾರಿ ಹೊಳ್ಳಿಸೂಮಟ ಕುಡಿಸತಿದ್ಲಂತ. ಕೋಳಿ ತಂದವರು ಬಿಸಲಾಗ ನಿಂತಿರತಿದ್ರು. "ನೀರಡಿಸಿ ಹೋದ ಜೀವ ಮ್ಯಾಲ ಹೋಗಿ ಮೊದಲ ನಮ್ಮ ಹೆಸರು ಹೇಳತೈತಿ" ಅಂತ ಅಕಿ ನನಗೂ ಎಷ್ಟೋ ಸಲ ಹೇಳ್ಯಾಳ.

ನಮ್ಮ ಮನಿಯವರು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಾಗ ಹಮಾಲರಾಗಿದ್ರು. ಸುಗ್ಗಿ ದಿನದಾಗ ಸಂಜಿಗೆ ಮನಿಗೆ ಬಂದ್ರ ಅವರ ಅರಿವಿ ಜಾಡಿಸೂದ್ರಾಗ ಇಡೀ ಮನಿ ಸೀನತಿತ್ತು. ಅಂಗಳದಾಗ ನಿಂದ್ರಿಸಿ ಎರಡು ಕೊಡ ನೀರು ಸುರವಿದ ಮ್ಯಾಲ ಒಳಗ ಕರಕೊಳ್ಳತಿದ್ದೆ. ಸೀನು ಹೋಕ್ಕಿತ್ತು, ಕೆಮ್ಮು ಹೋಗಲಿಲ್ಲ. ಬರಬರುತ ಎದಿ ಗೊರಗೊರ ಅನ್ನಾಕ ಹತ್ತಿತು. ಹಾವೇರಿಗೆ ಕರಕೊಂಡು ಹೋಗಿ ತೋರಿಸಿದೆ. ಅಲ್ಲಿನ ಡಾಕ್ಟರು ಬೆನ್ನಿಗೆ ನಳಿಗಿ ಹಚ್ಚಿ ನೋಡಿ, "ಇನ್ನ ಆ ಧೂಳಿನಾಗ ಕಾಲಿಡಬ್ಯಾಡ. ಇಟ್ಟರ ಈ ಎದಿ ನಿನಗ ಭಾಳ ದಿನ ಸಾಥ್ ಕೊಡಂಗಿಲ್ಲ" ಅಂದ್ರು. ಬಸ್ಸಿನಾಗ ಹೊಳ್ಳಿ ಬರೂವಾಗ ಅವರು ಕಿಡಕಿಯಾಗಿನಿಂದ ಹೊರಗ ನೋಡಕೋತ ಕುಂತಿದ್ರು. ನನಗ ಜೀವ ಹಾರಿಹೋಗಿತ್ತು.

ಕೋಳಿ ಶೆಡ್ ಹಾಕೂನು ಅಂದಾಕಿ ನಾನ. ತೊಂಬತ್ತರ ಆಸುಪಾಸು ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಬ್ರಾಯ್ಲರ್ ಶೆಡ್ ಏಳಾಕ ಹತ್ತಿದ್ವು. ಹಿತ್ತಲದಾಗ ಮಂಡಿಮಟ ಗ್ವಾಡಿ, ಅದರ ಮ್ಯಾಲ ತಂತಿ ಜಾಳಿಗಿ, ಮ್ಯಾಲ ಹಂಚು. ನಡುವ ಬಿದಿರಿನ ತಟ್ಟಿ ಕಟ್ಟಿ ಎರಡು ಖೋಲಿ ಮಾಡಿದ್ವಿ. ಒಂದು ಊರ ಬಾವಿ ಇರೂ ಕಡಿಂದು, ಅದರ ಜಾಳಿಗಿ ಹಿತ್ತಲಕ್ಕ ತೆರಕೊಂಡಿತ್ತು. ಇನ್ನೊಂದು ಓಣಿ ಕಡಿಂದು. ಅದಕ್ಕ ಆ ಬದಿಗೆ ಬ್ಯಾರೆಯವರ ಗ್ವಾಡಿ ಇತ್ತು, ಬಾಗಲ ತಗದ್ರಷ್ಟ ಒಳಗ ಕೈ ಹೋಗೂದು. ಶೆಡ್ ಮುಗದ ದಿನ ನಮ್ಮ ಮನಿಯವರ ಕೊಕ್ಕಿ ತಗೊಂಡು, ಹಮಾಲರು ಚೀಲಕ್ಕ ಸಿಕ್ಕಿಸಿ ಎತ್ತತಾರಲ್ಲ ಆ ಕಬ್ಬಿಣದ ಕೊಕ್ಕಿ, ಪಡಸಾಲಿ ಗೂಟಕ್ಕ ಹಾಕಿದೆ. "ಇದು ಇನ್ನ ಇಲ್ಲೇ ಇರಲಿ" ಅಂದೆ. ಕೋಳಿ ಕೈ ಹಿಡದ್ರ ಕೊಕ್ಕಿ ಗೂಟದ ಮ್ಯಾಲ, ಇಲ್ಲಾಂದ್ರ ಅವರ ಕೈಯಾಗ. ದಿನಾ ಮುಂಜಾನಿ ಎದ್ದ ಕೂಡಲೇ ನಾನು ಗೂಟದ ಕಡೆ ನೋಡತಿದ್ದೆ.

ಮೊದಲನೇ ಮರಿ ರಾಣೇಬೆನ್ನೂರಿನಿಂದ ಬಸ್ಸಿನಾಗ ಬಂದ್ವು, ತೂತು ಕೊರದ ರಟ್ಟಿನ ಡಬ್ಬಿಯೊಳಗ. ಬಸ್ಸಿನಾಗಿನ ಮಂದಿಯೆಲ್ಲಾ ಚಿಂವ್ ಚಿಂವ್ ಕೇಳಿಕೋತ ಬಂದ್ರಂತ. ಡಬ್ಬಿ ತಗದದ್ದ ತಡ ಫುಫು ಬೆಲ್ಲದ ನೀರಿನ ತಾಟು ಹಿಡಕೊಂಡು ಕುಂತ್ಲು. ಒಂದೊಂದ ಮರಿ ಹಿಡದು, ಅದರ ಕೊಕ್ಕು ನೀರಾಗ ಅದ್ದಿ, ಗುಟುಕು ಇಳದದ್ದು ನೋಡಿ ಕೆಳಗ ಬಿಡೂದು. ಐನೂರು ಮರಿ. ನಾನು ಹಣಿ ಬಡಕೊಂಡೆ. ಅದ ಹೊತ್ತಿಗೆ ಬ್ಯಾಡಗಿ ದನದ ದವಾಖಾನಿ ಡಾಕ್ಟರು ಶೆಡ್ ನೋಡಾಕ ಬಂದ್ರು. ಕೋಳಿಗೂ ಅವರ ಡಾಕ್ಟರು. ಫುಫು ಮಾಡೂದು ನೋಡಿ ನಿಂತಬಿಟ್ರು. "ಇದನ್ನ ಹೇಳಿಕೊಡಾಕ ನಾವು ಊರೂರು ತಿರುಗತೇವಿ. ಈ ಅಮ್ಮಗ ಯಾರು ಹೇಳಿಕೊಟ್ರು?" ಅಂದ್ರು. ಅವತ್ತಿನಿಂದ ಫುಫು ಅರ್ಧ ಡಾಕ್ಟರಾದ್ಲು. ನನ್ನ ಮಾತು ಅಕಿ ಕಿವಿಗೆ ಬೀಳೂದು ಮೊದಲ ಕಡಿಮಿ, ಆಮ್ಯಾಲ ಪೂರಾ ನಿಂತಹೋತು.

ಎರಡನೇ ಸಲದ ಮರಿಗೆ ರಕ್ತಭೇದಿ ಆತು. ಕೆಳಗ ಹಾಸಿದ ಭತ್ತದ ಹೊಟ್ಟು ಹಸಿ ಆದ್ರ ಆ ರೋಗ ಬರತೈತಿ ಅಂತ ಡಾಕ್ಟರು ಹೇಳಿದ್ರು. ಹೊಟ್ಟು ಹಸಿ ಆಗಿದ್ದು ಯಾಕ? ಅರ್ಧ ತುಂಬೂ ನೀರಿನ ಡಬ್ಬಿನ್ನ ಫುಫು ತುಳುಕೂಮಟ ತುಂಬತಿದ್ಲು. "ಕಡಿಮಿ ಹಾಕು ಫುಫು" ಅಂದ್ರ "ಹೂಂ". ಹೊಳ್ಳಿ ನೋಡಿದ್ರ ಮತ್ತ ತುಳುಕತಿತ್ತು. ಔಷಧ ಹಾಕಿ, ಹೊಟ್ಟು ತಿರುವಿ, ಸುಣ್ಣಾ ಬೆರಸಿ ಹೆಂಗೋ ಉಳಿಸಿಕೊಂಡ್ವಿ. ಆ ವಾರೆಲ್ಲಾ ನಾನು ಕನ್ನಡದಾಗ ಮಾತಾಡಿದೆ.

ಮೂರನೇ ಸಲಾ ಬ್ಯಾಸಗಿ. ಮರಿ ಭಾಳ ಚೊಲೊ ಬೆಳದಿದ್ವು. ಕೋಳಿಗೆ ಬರೂ ರೋಗದೊಳಗ ಎಲ್ಲಾದಕ್ಕಿಂತ ಕೆಟ್ಟದ್ದು ಕೊಕ್ಕರೆ ರೋಗ. ಅದು ಬಂದ ಮ್ಯಾಲ ಔಷಧ ಇಲ್ಲ, ಬರೂಕ್ಕಿಂತ ಮೊದಲ ಲಸಿಕಿ ಹಾಕಬೇಕು. ಮೊದಲನೇ ವಾರ ಕಣ್ಣಾಗ ಒಂದು ಹನಿ, ಅದರ ತಾಕತ್ತು ಇಳಿಯೂ ಹೊತ್ತಿಗೆ ನಾಕನೇ ವಾರ ಮತ್ತ, ಆವಾಗ ಕುಡಿಯೂ ನೀರಾಗ. "ನೋಡ್ರಿ ಅಕ್ಕಾರ, ಲಸಿಕಿ ಹಾಕೂಕ್ಕಿಂತ ಎರಡು ತಾಸು ಮೊದಲ ನೀರು ಬಂದ್ ಮಾಡಬೇಕು" ಅಂದ್ರು ಡಾಕ್ಟರು. "ನೀರಡಿಸಿದ್ರ ಒಂದ ಸವನ ಕುಡೀತಾವ, ಲಸಿಕಿ ಎಲ್ಲಾದರ ಹೊಟ್ಟಿಗೂ ಮುಟ್ಟತೈತಿ. ಇನ್ನ ಲಸಿಕಿ ತರೂದು ಐಸಿನಾಗ. ಬೆಚ್ಚಗಾತಂದ್ರ ಅದು ಸತ್ತಂಗ." ಫುಫು ಬಾಜೂಕ ನಿಂತು ಕೇಳಿದ್ಲು. ಹೂಂ ಅಂದ್ಲು.

ಆ ದಿನ ಮುಂಜಾನಿ ನಮ್ಮ ಮನಿಯವರು ಥರ್ಮಾಸ್ ಹಿಡಕೊಂಡು ಸೈಕಲ್ ಮ್ಯಾಲ ಬ್ಯಾಡಗಿಗೆ ಹೋದ್ರು. ನಾನು ಎರಡೂ ಖೋಲಿಯ ನೀರಿನ ಡಬ್ಬಿ ಹೊರಗ ತಗದೆ, ಬಾಗಲಕ್ಕ ಕೀಲಿ ಹಾಕಿ, ಕೀಲಿಕೈ ಸೆರಗಿಗೆ ಗಂಟು ಹಾಕಿಕೊಂಡೆ. ಅಕಿ ಗುಣಾ ನನಗ ಗೊತ್ತಿತ್ತಲ್ಲ. ತಾಸು ಹೊತ್ತಿಗೆ ಕೋಳಿ ಬಾಯಿ ತಗದು ತೇಕಾಕ ಹತ್ತಿದ್ವು. ಆ ಸಪ್ಪಳಾ ಅಡಗಿ ಮನಿಮಟ ಬರತಿತ್ತು. ಫುಫು ಒಳಗ ಹೊರಗ ತಿರುಗ್ಯಾಡಿ ಕಡೀಕ ನನ್ನ ಮುಂದ ಬಂದು ನಿಂತ್ಲು.

"ರಂಜಾನ್‌ದಾಗ ನಾವು ನೀರು ಬಿಡತೇವಿ, ಯಾಕ ಬಿಡತೇವಿ ಅಂತ ನಮಗ ತಿಳೀತೈತಿ. ಇವು ಯಾವ ರೋಜಾ ಹಿಡದಾವ ಬೇಟಿ? ಇವಕ್ಕ ಯಾರು ಹೇಳ್ಯಾರ?"

"ಡಾಕ್ಟರು ಹೇಳ್ಯಾರ" ಅಂದೆ.

"ಡಾಕ್ಟರು ನಿನಗ ಹೇಳ್ಯಾರ. ಅವಕ್ಕ ಹೇಳಿಲ್ಲ."

"ಎರಡು ತಾಸಿನಾಗ ಯಾವದೂ ಸಾಯಂಗಿಲ್ಲ. ಸುಮ್ಮನ ಕುಂದ್ರು."

ಫುಫು ಹೂಂ ಅಂದ್ಲು. ನಾನು ರೊಟ್ಟಿ ಬಡಿಯಾಕ ಕುಂತೆ.

ಮನಿಯವರು ಬಂದ್ರು, ಹಾಲಿನ ಪುಡಿ ಕಲಸಿದ ನೀರಾಗ ಲಸಿಕಿ ಬೆರಸಿದ್ವಿ, ಎರಡೂ ಕಡೆ ಡಬ್ಬಿ ಇಟ್ವಿ. ಓಣಿ ಕಡಿ ಕೋಳಿ ಒಂದರ ಮ್ಯಾಲ ಒಂದು ಬಿದ್ದು ಕುಡದ್ವು. ಬಾವಿ ಕಡಿವು ಬಂದು ನೋಡಿ, ಒಂದೆರಡು ಗುಟುಕು ಕುಡದು ದೂರ ಸರದ್ವು. ಬಿಸಲಿಗೆ ಸುಸ್ತಾಗ್ಯಾವ ಅಂತ ನಾನು ತಿಳಕೊಂಡೆ. ಜಾಳಿಗಿ ಬುಡಕ ಕಾಳು ಹಾಕೂ ತಗಡಿನ ದೋಣಿ ಇತ್ತು, ಅದರಾಗಿನ ಕಾಳು ಹಸಿ ಆಗಿ ಖಿಚಡಿ ಆಗಿತ್ತು. ಡಬ್ಬಿ ಇಡೂವಾಗ ನಾವ ಚೆಲ್ಲೇವಿ ಅಂದುಕೊಂಡೆ. ಕಣ್ಣಿಗೆ ಕಂಡದ್ದನ್ನ ಕೇಳೂ ಬುದ್ಧಿ ಅವತ್ತು ನನಗ ಬರಲಿಲ್ಲ. ಆ ಮಾತಿಗೆ ಇವತ್ತಿಗೂ ನನ್ನ ಮ್ಯಾಲ ನನಗ ಸಿಟ್ಟು ಬರತೈತಿ.

ಹತ್ತು ಹನ್ನೆರಡು ದಿನಕ್ಕ ಬಾವಿ ಕಡಿ ಖೋಲಿಯಾಗ ಒಂದು ಕೋಳಿ ರೆಕ್ಕಿ ಇಳಿಬಿಟ್ಟು ಮೂಲಿ ಹಿಡೀತು. ಮರದಿನ ಏಳು. ಹಸರು ಹಸರು ಹಿಕ್ಕಿ, ಬಾಯಿ ತಗದು ಉಸರಾಡೂದು, ಒಂದೆರಡರ ಕುತ್ತಿಗಿ ತಿರುವಿ ಮಾರಿ ಹಂಚಿನ ಕಡೆ ಆಗಿತ್ತು. ಡಾಕ್ಟರು ಬಂದು ಸತ್ತದ್ದೊಂದನ್ನ ಗೋಣಿ ತಟ್ಟಿನ ಮ್ಯಾಲ ಕೊಯ್ದು, ಹೊಟ್ಟಿಯೊಳಗಿನ ಕೆಂಪು ಚುಕ್ಕಿ ತೋರಿಸಿದ್ರು. ಕೊಕ್ಕರೆ ರೋಗ.

"ಲಸಿಕಿ ಹಾಕಿದ್ರೆಲ್ಲೊ?"

"ಹಾಕೇವ್ರಿ."

"ಹಂಗಾರ ಐಸ್ ಕರಗಿರಬೇಕು. ದಾರ್‍ಯಾಗ ಎಲ್ಲೆರ ತಡಾ ಆಗಿತ್ತೇನು?"

ನಾನು ನಮ್ಮ ಮನಿಯವರ ಮಾರಿ ನೋಡಿದೆ. ಅವರು ತಲಿ ಕೆಳಗ ಹಾಕಿದ್ರು. ಮಾರ್ಕೆಟ್ಟಿನ ಹಂತ್ಯಾಕ ಹಳೇ ಹಮಾಲರು ಸಿಕ್ಕಿದ್ರಂತ, ನಿಂತು ಒಂದ ಕಪ್ ಚಾ ಕುಡದಿದ್ರಂತ.

ಡಾಕ್ಟರು ಹೋಗೂದ ತಡ ನಾನು ಸುರು ಮಾಡಿದೆ. ಏನೇನು ಅಂದೆ ಅನ್ನೂದು ಬರೆಯಾಕ ನಾಚಿಕಿ ಬರತೈತಿ. ಒಂದ ಕಪ್ ಚಾಕ್ಕ ಮನಿ ಮುಳುಗಿಸಿದ್ರಿ ಅಂದೆ. ಧೂಳು ಕುಡಿಯೂ ಆಶಾ ಇನ್ನ ಹೋಗಿಲ್ಲೇನು ಅಂತನೂ ಅಂದೆ. ಓಣಿ ಪೂರಾ ಕೇಳೀತು. ಅವರು, "ಆಗಿರಬಹುದು. ತಪ್ಪು ನಂದ" ಅಂದು ಸತ್ತ ಕೋಳಿ ಹೂಳಾಕ ಸನಿಕಿ ತಗೊಂಡು ಹೋದ್ರು. ಫುಫು ಹೊಚ್ಚಲದಾಗ ಕುಂತಿದ್ಲು. ಎಲ್ಲಾ ಕೇಳಿದ್ಲು.

ನಾಕೈದು ದಿನ ಅದ ಕೆಲಸ. ಮುಂಜಾನಿ ಸತ್ತದ್ದು ಆರಿಸೂದು, ಹೂಳೂದು, ಸುಣ್ಣಾ ಸುರವೂದು. ಫುಫು ಊಟಾ ಕಡಿಮಿ ಮಾಡಿದ್ಲು. ಕೋಳಿ ಸಲುವಾಗಿ ಸಂಕಟಾ ಅಂತ ನಾನು ತಿಳಕೊಂಡೆ. ಐದನೇ ದಿನ ಮಧ್ಯಾಹ್ನ ನಾನು ಪಡಸಾಲಿಗೆ ಬಂದ್ರ ಗೂಟ ಖಾಲಿ. ನಮ್ಮ ಮನಿಯವರು ಕಟ್ಟಿಮ್ಯಾಲ ಕುಂತು, ಚಿಮಣಿ ಎಣ್ಣಿ ಅದ್ದಿದ ಅರಿವಿಯಿಂದ ಕೊಕ್ಕಿ ಜಂಗು ತಿಕ್ಕಾಕತ್ತಿದ್ರು. ತಿಕ್ಕಕೋತನ ಕೆಮ್ಮಾಕತ್ತಿದ್ರು. ಬ್ಯಾಡ ಅನ್ನಾಕ ನನಗ ಬಾಯಿ ಇದ್ದಿದ್ದಿಲ್ಲ, ಆ ಕೊಕ್ಕಿ ಅವರ ಕೈಯಾಗ ಇಟ್ಟಿದ್ದ ನನ್ನ ಬಾಯಿ.

ಫುಫು ಹಿತ್ತಲದಿಂದ ಬಂದ್ಲು. ಮಗನ ಕೈಯಾಗಿನ ಕೊಕ್ಕಿ ನೋಡಿದ್ಲು. ಹಂಗ ಅವರ ಮುಂದ ನೆಲದಮ್ಯಾಲ ಕುಂತುಬಿಟ್ಲು.

"ಬೇಟಾ, ನಿನ್ನ ಚಾದಿಂದ ಅಲ್ಲ ಅದು. ಅವತ್ತು ನಾ ನೀರು ಕುಡಿಸಿದೆ."

ಇಬ್ಬರೂ ಅಕಿ ಮಾರಿ ನೋಡಿದ್ವಿ.

"ಇಕಿ ರೊಟ್ಟಿ ಬಡಿಯಾಕತ್ತಿದ್ಲು. ನಾ ಜಾಳಿಗಿ ಹೊರಗಿಂದ ದೋಣಿಗೆ ತಂಬಿಗಿ ಬಗ್ಗಿಸಿದೆ. ಎಷ್ಟು ತಂಬಿಗಿ ಅಂತ ಎಣಿಸಿಲ್ಲ. ಅವು ಸಾಕು ಅನ್ನೂಮಟ ಹಾಕಿದೆ. ಓಣಿ ಕಡಿವಕ್ಕ ನನ್ನ ಕೈ ಮುಟ್ಟಲಿಲ್ಲ." ಅಕಿ ಸೆರಗಿನಿಂದ ಬಾಯಿ ಒರಸಿಕೊಂಡ್ಲು. "ದಿನಾ ನೋಡಾಕತ್ತೇನಿ. ಐಸ್ ಕರಗಿದ್ರ ಎರಡೂ ಕಡಿವು ಸಾಯಬೇಕಿತ್ತು. ಓಣಿ ಕಡಿವು ಒಂದೂ ಸತ್ತಿಲ್ಲ. ನಾ ಕುಡಿಸಿದ್ವ ಸಾಯಾಕತ್ತಾವ. ನಾ ಕುಡಿಸಲಾರದ್ವು ಬದಕ್ಯಾವ."

ನನಗ ಮೊದಲ ಬಂದದ್ದು ಸಿಟ್ಟು, ಸುಳ್ಳು ಯಾಕ ಹೇಳಲಿ. ನಾಲಿಗಿ ತುದಿಗೆ ಬಂದಿತ್ತು. ಆದ್ರ ಅಕಿ ಅಲ್ಲಿ ಕುಂತ ರೀತಿ ನೋಡಿ ಮಾತು ಒಳಗ ಹೋತು. ಜೀವಮಾನೆಲ್ಲಾ ಒಂದ ಪುಣ್ಯೇದ ಕೆಲಸ ನಂಬಿಕೊಂಡು ಬಂದಾಕಿ. ಅದ ಕೆಲಸ ಅಕಿ ಕೈಲೆ ಇಷ್ಟು ಜೀವ ತಗೊಂತು. ನಾನು ಎಷ್ಟು ಬೈದ್ರೂ ಅದಕ್ಕಿಂತ ಹೆಚ್ಚು ಏನು ಹತ್ತೀತು ಅಕಿಗೆ?

ನಮ್ಮ ಮನಿಯವರು ಕೊಕ್ಕಿ ಬಾಜೂಕ ಇಟ್ರು. "ನೀರ ಕೊಟ್ಟಿಯಲ್ಲಮ್ಮಾ, ವಿಷಾ ಕೊಟ್ಟಿಲ್ಲ" ಅಂದ್ರು. ಆವಾಗ ಫುಫು ಅತ್ಲು. ಅಕಿ ಅತ್ತದ್ದು ನಾನು ಎರಡನೇ ಸಲ ನೋಡಿದ್ದು. ಮೊದಲನೇದು ಮಾವ ತೀರಿಕೊಂಡಾಗ.

ನಾನು ಅಡಗಿ ಮನಿಗೆ ಹೋದೆ. ನಮ್ಮ ಮನಿಯೊಳಗ ಗಂಡಗ ತಪ್ಪಾತು ಅನ್ನೂ ರೂಢಿ ಇಲ್ಲ, ಆ ಮಾತು ನನಗ ಹೊಂದೂದೂ ಇಲ್ಲ. ಬರೇ ಹಾಲಿನಾಗ ಚಾ ಮಾಡಿ, ಯಾಲಕ್ಕಿ ಜಜ್ಜಿ ಹಾಕಿ, ದೊಡ್ಡ ಲೋಟಾ ತುಂಬಿ ತಂದು ಅವರ ಮುಂದ ಇಟ್ಟೆ. ಅವರು ಲೋಟಾ ನೋಡಿದ್ರು, ನನ್ನ ನೋಡಿದ್ರು. "ಇದು ಕುಡದ್ರ ಮನಿ ಮುಳುಗಂಗಿಲ್ಲಲ್ಲ?" ಅಂದ್ರು. ಅಳುಕೋತನ ನನಗ ನಗು ಬಂತು.

ಬಾವಿ ಕಡಿ ಖೋಲಿಯಾಗ ಕಡೀಕ ಎಣಿಸಿ ಹನ್ನೊಂದು ಕೋಳಿ ಉಳದ್ವು. ಓಣಿ ಕಡಿವು ಚಂದಾಗಿ ಬೆಳದು ಹೋದ್ವು. ಶೆಡ್ ಪೂರಾ ತೊಳದು, ಸುಣ್ಣಾ ಹೊಡದು, ಡಾಕ್ಟರು ಹೇಳಿದಷ್ಟು ದಿನ ಖಾಲಿ ಬಿಟ್ವಿ. ಮನಿಯವರು ಅಂದ್ರು, "ಇನ್ನೊಂದ ಸಲಾ ಮರಿ ತರೂನು. ಇದೂ ಹೋತಂದ್ರ ನಾ ಮಾರ್ಕೆಟ್ಟಿಗೆ ಹೋಗಾಂವ, ಯಾರೂ ಅಡ್ಡ ಬರಬ್ಯಾಡ್ರಿ." ಕೊಕ್ಕಿ ಗೂಟಕ್ಕ ಹೊಳ್ಳಿ ಹೋಗಲಿಲ್ಲ, ತಯಾರಾಗಿ ಕಟ್ಟಿಮ್ಯಾಲ ಇತ್ತು. ಮರಿ ಬಂದ್ವು. ನಾಕನೇ ವಾರದ ಲಸಿಕಿಮಟ ಫುಫು ಶೆಡ್ಡಿಗೆ ಹೋಗಲೇ ಇಲ್ಲ. ಮರಿ ಬಂದ ದಿನ ಕೊಕ್ಕು ಅದ್ದಾಕ ನಾನ ಕರದೆ. ಬರಲಿಲ್ಲ. "ನನ್ನ ಕೈ ಬ್ಯಾಡ" ಅಂದ್ಲು. ಐನೂರು ಮರಿ ನಾನೊಬ್ಬಾಕಿನ ಅದ್ದಿದೆ. ನಡು ಹಿಡಕೊಂತು. ಅಕಿ ಅದನ್ನ ಒಂದು ಮಾತೂ ಆಡದ ಮಾಡತಿದ್ಲಲ್ಲ ಅಂತ ಆವಾಗ ತಿಳೀತು.

ಲಸಿಕಿ ದಿನ ಬಂತು. ಮನಿಯವರು ಥರ್ಮಾಸ್ ಹಿಡದು ಸೈಕಲ್ ಹತ್ತೂವಾಗ ನಾನು ಬಾಗಲಕ್ಕ ಹೋಗಿ ಅಂದೆ, "ಚಾ ಕುಡದ ಬರ್‍ರಿ. ಅವಸರ ಇಲ್ಲ." ಅವರು ಪೆಡಲ್ ತುಳಿಯೂದು ಒಂದು ಗಳಿಗಿ ಮರತ್ರು.

ಆಗ ಫುಫು ಎದ್ದು ಬಂದ್ಲು. ಒಂದು ಕೈಯಾಗ ತಾಮ್ರದ ತಂಬಿಗಿ, ತುಂಬೇತಿ. ಇನ್ನೊಂದು ಕೈಯಾಗ ಕೊಕ್ಕಿ. "ತಡಿ ಬೇಟಾ. ಇದನ್ನ ಶೆಡ್ಡಿನ ತೊಲಿಗೆ ಹಾಕು. ಕುತ್ತಿಗಿಗೆ ಹಗ್ಗಾ ಕಟ್ಟಿ ಇದಕ್ಕ ತಂಬಿಗಿ ತೂಗಬಿಡು. ನನ್ನ ಕೈಗೆ ಎಟಕಬಾರದು, ಅಷ್ಟು ಮ್ಯಾಲ ಹಾಕು."

"ಯಾಕಮ್ಮಾ?"

"ನನ್ನ ಮ್ಯಾಲ ನನಗ ನಂಬಿಗಿ ಇಲ್ಲ. ಅವು ಕುಡಿಯೂಮಟ ನಾನೂ ಕುಡಿಯಂಗಿಲ್ಲ."

ಮನಿಯವರು ಸೈಕಲ್ ನಿಂದ್ರಿಸಿ ಬಂದು ಹಾಕಿದ್ರು. ಅವರು ಎತ್ತರದ ಆಳು, ಕೈ ಚಾಚಿದ್ರ ತೊಲಿ ಸಿಗತಿತ್ತು. ನಾನು ನೀರಿನ ಡಬ್ಬಿ ಹೊರಗ ತಗದೆ. ಅವತ್ತು ಕೀಲಿ ಹಾಕಲಿಲ್ಲ. ಫುಫು ಶೆಡ್ಡಿನ ಬಾಗಲದಾಗ ಚಾಪಿ ಹಾಸಿಕೊಂಡು ಕುಂತ್ಲು. ನಾನು ಒಲಿ ಆರಿಸಿ ಬಂದು ಅಕಿ ಬಾಜೂಕ ಕುಂತೆ. ಬಿಸಲು ಏರತು. ಕೋಳಿ ತೇಕಾಕ ಹತ್ತಿದ್ವು. ಅಕಿ ತುಟಿ ಒಣಗಿದ್ವು. ನಡುನಡುವ ಕಣ್ಣು ತಂಬಿಗಿ ಕಡೆ ಹೋಗತಿತ್ತು, ಅದು ತನ್ನ ಸಲುವಾಗಿ ಅಲ್ಲ ಅಂತ ನನಗ ಗೊತ್ತಿತ್ತು. "ಇನ್ನ ಸ್ವಲ್ಪ ತಡೀರಿ" ಅಂತ ಅಕಿ ಕೋಳಿಗೆ ಹೇಳಾಕತ್ತಿದ್ಲು, ರಂಜಾನ್‌ದಾಗ ಸಣ್ಣ ಹುಡುಗರಿಗೆ ಹೇಳೂವಂಗ. "ನಾನೂ ಅದೇನಿ ನಿಮ್ಮ ಜೋಡಿ."

ಮನಿಯವರು ಬಂದಾಗ ನಾನು ಕೇಳಿದೆ, ಚಾ ಕುಡದ್ರೇನು ಅಂತ. "ಎರಡು ಕಪ್" ಅಂದ್ರು. ಥರ್ಮಾಸ್ ತಗದು ನೋಡಿದ್ರ ಐಸ್ ಹಂಗ ಗಟ್ಟಿ ಇತ್ತು.

ಎರಡೂ ಖೋಲಿಯಾಗ ಡಬ್ಬಿ ಇಟ್ವಿ. ಕೋಳಿ ಒಂದರ ಮ್ಯಾಲ ಒಂದು ಬಿದ್ದು ಕುಡದ್ವು. ಫುಫು ಎದ್ದು ನಿಂತು, ಬಾವಿ ಕಡಿ ಖೋಲಿಗೆ ಹೋಗಿ ಒಂದೊಂದನ್ನ ನೋಡಿದ್ಲು. ಮೂಲ್ಯಾಗ ಹಿಂದ ಉಳದ ಒಂದೆರಡನ್ನ ತಾನ ಎತ್ತಿ ತಂದು ಡಬ್ಬಿ ಮುಂದ ಬಿಟ್ಲು. ಅವು ಕೊಕ್ಕು ಎತ್ತಿ ಎತ್ತಿ ನುಂಗೂದು ನೋಡಿದ್ಲು. ಎಲ್ಲಾ ಡಬ್ಬಿ ಖಾಲಿ ಆದ ಮ್ಯಾಲ ಹೊರಗ ಬಂದು, ಮಗನ ಮಾರಿ ನೋಡಿ, "ಈಗ ಕೊಡು" ಅಂದ್ಲು.

ಅವರು ಕೈ ಚಾಚಿ ತಂಬಿಗಿ ಇಳಿಸಿ ಅವ್ವನ ಕೈಯಾಗ ಕೊಟ್ರು. ಅರ್ಧ ಅಕಿ ಕುಡದ್ಲು. ಉಳದದ್ದು ನನ್ನ ಮುಂದ ಹಿಡದ್ಲು, ನಾನೂ ಕುಡದಿಲ್ಲ ಅಂತ ನಾನು ಅಕಿಗೆ ಹೇಳಿದ್ದಿಲ್ಲ.

ಆ ಸಲದ ಕೋಳಿಗೆ ರೋಗ ಬರಲಿಲ್ಲ. ಕೊಕ್ಕಿ ತೊಲಿಯಿಂದ ಇಳೀಲಿಲ್ಲ. ಫುಫು ಇರೂಮಟ ಪ್ರತಿ ಲಸಿಕಿ ದಿನ ಅಕಿ ತಂಬಿಗಿ ಅದಕ್ಕ ಏರತಿತ್ತು, ಕೋಳಿ ಕುಡದ ಮ್ಯಾಲ ಮಗನ ಕೈಲೆ ಇಳೀತಿತ್ತು. ಬ್ಯಾಡಗಿ ಮಾರ್ಕೆಟ್ ಬಿಟ್ಟ ಮ್ಯಾಲ ಆ ಕೊಕ್ಕಿ ಹೊತ್ತ ಭಾರ ಅಂದ್ರ ಅಷ್ಟ, ಒಂದು ತಂಬಿಗಿ ನೀರು.